ಬಾವಿಯ ದೆವ್ವ, ಪಂಚಮಿಯ ಬಂಡಿ

ದೆವ್ವ ತೋರಿಸಿ ಹೊಟ್ಟೆ ಹೊರೆದವನು ನಾನು. ಮೊಮ್ಮಕ್ಕಳ ಮುಂದೆ ಹೀಗೆಂದರೆ, ಮಂತ್ರ ಹಾಕುತ್ತಿದ್ದೆಯಾ ಎಂದು ಕೇಳಿ ನಗುತ್ತಾರೆ. ಮಂತ್ರವೂ ಇಲ್ಲ, ತಾಯಿತವೂ ಇಲ್ಲ. ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕು ಊರುಗಳ ಬಯಲಲ್ಲಿ ಡೇರೆ ಹೊಡೆದು, ಬಿಳಿ ಬಟ್ಟೆ ಕಟ್ಟಿ, ಅದರ ಮೇಲೆ ನಾನೇ ತೆಗೆದ ದೆವ್ವದ ಚಿತ್ರ ಓಡಿಸುತ್ತಿದ್ದೆ. ಮುಂಬಯಿಯ ಕಂಪನಿಯ ಹಂಗಿಲ್ಲ, ಸಾಹುಕಾರನ ಹಂಗಿಲ್ಲ. ಕ್ಯಾಮೆರಾ ನನ್ನದು, ಕಥೆ ನನ್ನದು. ಇದನ್ನು ಹೇಳಿಕೊಳ್ಳಲು ನನಗೆ ಹೆಮ್ಮೆಯೇ. ಆದರೆ ಹೇಳಲು ಕೂತಾಗಲೆಲ್ಲ ಒಬ್ಬನ ಮುಖ ಕಣ್ಣ ಮುಂದೆ ಬಂದು ಮೈ ಉರಿಯುತ್ತದೆ. ನನ್ನ ಬೆನ್ನಿಗೆ ಚೂರಿ ಹಾಕಿದವನು ಅವನು. ಸತ್ತು ಎಷ್ಟೋ ವರ್ಷವಾಯಿತು. ನನ್ನ ಸಿಟ್ಟು ಮಾತ್ರ ಅವನ ಜೊತೆ ಹೋಗಲಿಲ್ಲ.

ನಮ್ಮದು ಹಾನಗಲ್ಲಿನ ಹತ್ತಿರದ ಹಳ್ಳಿ. ಅಪ್ಪ ಬೇಗ ತೀರಿಕೊಂಡಿದ್ದ. ಮನೆಯಲ್ಲಿ ಅವ್ವ, ನಾನು. ಅಕ್ಕನನ್ನು ಹಿರೇಕೆರೂರಿನ ಆಚೆಯ ಒಂದು ಊರಿಗೆ ಕೊಟ್ಟಿದ್ದೆವು. ಹೊಲಕ್ಕಿಂತ ನನಗೆ ಬಣ್ಣದ ಮೇಲೆ ಮನಸ್ಸು. ಹಾನಗಲ್ಲಿನ ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದೆ. ಮೂವತ್ತರ ದಶಕ ಶುರುವಾದ ಹೊಸತರಲ್ಲಿ ಮೀರಜಿನ ಕಡೆಯವನೊಬ್ಬ ದೀಪದ ಪೆಟ್ಟಿಗೆ ಹೊತ್ತುಕೊಂಡು ಬಂದ. ಗಾಜಿನ ಮೇಲೆ ಬರೆದ ಚಿತ್ರವನ್ನು ಗೋಡೆಯ ಮೇಲೆ ಆಳೆತ್ತರ ಮಾಡಿ ತೋರಿಸುವ ಪೆಟ್ಟಿಗೆ ಅದು. ದಾರಿಯಲ್ಲಿ ಅವನ ಗಾಜುಗಳು ಒಡೆದಿದ್ದವು, ಹೊಸದು ಬರೆಯಲು ನನ್ನನ್ನು ಕರೆದ. ದೇವರನ್ನು ಬರೆ ಎಂದ, ಬರೆದೆ. ಸಾಕಾಗಿ ಒಂದು ಗಾಜಿಗೆ ಚಿಮಣಿಯ ಮಸಿ ಹಿಡಿದು, ಸೂಜಿಯಿಂದ ಗೀರಿ, ಒಂದು ದೆವ್ವ ಮಾಡಿದೆ. ಅದರ ನಾಲಿಗೆಯನ್ನು ಬೇರೊಂದು ಗಾಜಿನಲ್ಲಿ ಬರೆದು, ಒಂದರ ಮೇಲೊಂದು ಸರಿಸಿದರೆ ನಾಲಿಗೆ ಹೊರಗೆ ಬರುವ ಹಾಗೆ ಮಾಡಿದೆ. ದೇವರ ಚಿತ್ರಕ್ಕೆ ಕೈಮುಗಿದು ಆಕಳಿಸುತ್ತಿದ್ದ ಮಂದಿ ಆ ನಾಲಿಗೆಗೆ ಒಬ್ಬರ ಮೇಲೊಬ್ಬರು ಬಿದ್ದರು. ನನ್ನ ಕಸುಬು ಯಾವುದೆಂದು ನನಗೆ ಅವತ್ತೇ ಗೊತ್ತಾಯಿತು.

ಅಲ್ಲಿಂದ ಒಂದು ಸಂಚಾರಿ ಸಿನಿಮಾ ಡೇರೆಗೆ ಸೇರಿ ಮಷೀನು ತಿರುಗಿಸುವುದನ್ನು ಕಲಿತೆ. ಪಟ್ಟಣಗಳಿಗೆ ಮಾತಾಡುವ ಚಿತ್ರ ಬಂದಿದ್ದರೂ ನಮ್ಮ ಸೀಮೆಗೆ ಇನ್ನೂ ಮೂಕ ಚಿತ್ರಗಳೇ ಬರುತ್ತಿದ್ದವು. ಬಟ್ಟೆಯ ಮೇಲಿನವರು ಬಾಯಿ ಆಡಿಸುವರು, ದನಿ ಇಲ್ಲ. ಅದಕ್ಕಾಗಿ ಬಟ್ಟೆಯ ಪಕ್ಕದಲ್ಲಿ ಬೆತ್ತ ಹಿಡಿದು ಒಬ್ಬ ಮಾತುಗಾರ ನಿಲ್ಲಬೇಕು. ಗಂಡಿಗೆ ಗಂಡು ದನಿ, ಹೆಣ್ಣಿಗೆ ಹೆಣ್ಣು ದನಿ, ಕುದುರೆಗೆ ಕುದುರೆಯ ದನಿ, ಎಲ್ಲ ಅವನದೇ. ಈ ಕೆಲಸಕ್ಕೆ ನಾನು ಕರೆತಂದವನು ನನ್ನ ಪಕ್ಕದೂರಿನ ಗೆಳೆಯ. ದೊಡ್ಡಾಟದಲ್ಲಿ ಹೆಣ್ಣಿನ ವೇಷ ಕಟ್ಟುತ್ತಿದ್ದವನು. ತೆಳ್ಳನೆಯ ಮೈ, ಮೂರು ಓಣಿಗೆ ಕೇಳುವ ಗಂಟಲು. ಹೀಗೆ ನಾವು ಜೋಡಿಯಾದೆವು. ಚಿತ್ರ ನನ್ನ ಕೈಯಲ್ಲಿ, ಅದರ ಅರ್ಥ ಅವನ ಬಾಯಲ್ಲಿ. ಇದು ಎಂಥ ಅಪಾಯದ ಹಂಚಿಕೆ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಹುಬ್ಬಳ್ಳಿಯ ಫೋಟೋದವನೊಬ್ಬ ಕೈಯಿಂದ ತಿರುಗಿಸುವ ಹಳೆಯ ಸಿನಿಮಾ ಕ್ಯಾಮೆರಾ ಮಾರುತ್ತಾನೆಂದು ಸುದ್ದಿ ಬಂತು. ನಾನು ಅಪ್ಪ ಬಿಟ್ಟುಹೋಗಿದ್ದ ಎತ್ತಿನ ಜೋಡಿ ಮಾರಿ ಅದನ್ನು ತಂದೆ. ಅವ್ವ ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ರೊಟ್ಟಿ ಬಡಿಯುತ್ತ ಕೇಳಿದಳು.

"ಪಂಚಮಿಗೆ ನಿಮ್ಮಕ್ಕನ್ನ ಕರೀಲಿಕ್ಕೆ ಬಂಡಿಗೆ ಏನ್ ಹೂಡ್ತಿ?"

"ಯಾರ ಮನಿ ಎತ್ತಾದ್ರೂ ಕೇಳಿ ತರ್ತೇನಿ ತಗೋಬೇ" ಎಂದೆ.

ನಮ್ಮ ಕಡೆಯವರಿಗೆ ನಾಗರ ಪಂಚಮಿ ಎಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ, ಆದರೂ ಹೇಳುತ್ತೇನೆ. ಕೊಟ್ಟ ಮನೆಯಲ್ಲಿರುವ ಹೆಣ್ಣುಮಗಳು ವರ್ಷವಿಡೀ ಆ ಒಂದು ಹಬ್ಬದ ದಾರಿ ನೋಡುತ್ತಾಳೆ. ಅಣ್ಣನೋ ತಮ್ಮನೋ ಬಂಡಿ ಕಟ್ಟಿಕೊಂಡು ಬಂದು ಕರೆದೊಯ್ಯಬೇಕು. ತವರಿನಲ್ಲಿ ಜೋಕಾಲಿ ಆಡಬೇಕು, ಎಳ್ಳು ಶೇಂಗಾದ ಉಂಡಿ ತಿನ್ನಬೇಕು, ಹೊಸ ಸೀರೆ ಉಡಬೇಕು. ಬಂಡಿ ಬರದ ಹೆಣ್ಣು ಅತ್ತೆಯ ಮನೆಯಲ್ಲಿ ಮುಂದಿನ ಪಂಚಮಿಯವರೆಗೂ ತಲೆ ಎತ್ತುವ ಹಾಗಿಲ್ಲ. ಅವ್ವ ಅಕ್ಕನಿಗೆಂದು ಕರಿಯ ಇಳಕಲ್ಲ ಸೀರೆ ತಂದು ಟ್ರಂಕಿನಲ್ಲಿಟ್ಟಿದ್ದಳು.

ಹಬ್ಬ ನಾಲ್ಕು ದಿನ ಇದೆ ಎನ್ನುವಾಗ ನಾನು ಎತ್ತು ಕೇಳಲು ಹೊರಟೆ. ಎಂಟು ಮನೆ ತಿರುಗಿದೆ. ಎಂಟನೆಯ ಮನೆಯ ಮುದುಕ ನಕ್ಕ. "ಶಾಣ್ಯಾ ಅದಿ ನೋಡು. ಪಂಚಮಿಗೆ ಎತ್ತ ಕೇಳಾಕ ಬಂದೀಯಲ್ಲ, ನಮ್ಮ ಮನ್ಯಾಗ ಹೆಣ್ಣಮಕ್ಕಳಿಲ್ಲೇನು?" ಊರಿನ ಎತ್ತುಗಳೆಲ್ಲ ಅವರವರ ಅಕ್ಕತಂಗಿಯರನ್ನು ತರಲು ಹೊರಟಿದ್ದವು. ಒಕ್ಕಲುತನದ ಮನೆಯಲ್ಲಿ ಹುಟ್ಟಿದವನಿಗೆ ಇಷ್ಟು ಗೊತ್ತಿರಬೇಕಿತ್ತು. ಗೊತ್ತಿರಲಿಲ್ಲ, ಯಾಕೆಂದರೆ ಅಲ್ಲಿಯವರೆಗೆ ನಮ್ಮ ಕೊಟ್ಟಿಗೆಯಲ್ಲಿ ಎತ್ತು ಇದ್ದವು. ನಡೆದೇ ಹೋಗಬಹುದಿತ್ತಲ್ಲ ಎಂದು ನೀವು ಕೇಳಬಹುದು. ಸವಣೂರಿನಲ್ಲಿ ಡೇರೆ ಬಿದ್ದಿತ್ತು, ನಾನಿಲ್ಲದೆ ಮಷೀನು ತಿರುಗುತ್ತಿರಲಿಲ್ಲ. ಆ ದಿಕ್ಕಿಗೆ ಹೊರಟಿದ್ದ ಒಬ್ಬನ ಕೈಲಿ, ಮುಂದಿನ ವರ್ಷ ಖಂಡಿತ ಬರುತ್ತೇನೆಂದು ಅಕ್ಕನಿಗೆ ಹೇಳಿ ಕಳಿಸಿದೆ.

ಹಬ್ಬವಾಗಿ ಹದಿನೈದು ದಿನಕ್ಕೆ ಅಕ್ಕನನ್ನು ಅವರ ಹೊಲದ ಬಾವಿಯಿಂದ ಎತ್ತಿದರು. ನಮಗೆ ಸುದ್ದಿ ಬಂದದ್ದು ಮಣ್ಣು ಮಾಡಿದ ಮೇಲೆ. ಅವ್ವ ಮತ್ತು ನಾನು ಹೋದಾಗ ಅಕ್ಕನ ಗಂಡ ಕಟ್ಟೆಯ ಮೇಲೆ ಕೂತಿದ್ದ, ತಲೆಗೆ ದೊಡ್ಡ ಕೆಂಪು ಪಟಗ ಸುತ್ತಿಕೊಂಡಿದ್ದ. "ಕಾಲ ಜಾರಿತ್ರಿ" ಎಂದ, ಅಷ್ಟೇ. ಅವನು ಹೊಡೆಯುತ್ತಿದ್ದ, ಉಪವಾಸ ಕೆಡವುತ್ತಿದ್ದ ಎಂದು ಆ ಊರಿನ ಹೆಂಗಸರು ಅವ್ವನ ಕಿವಿಯಲ್ಲಿ ಹೇಳಿದರು. ಪಂಚಮಿಯ ದಿನ ಹೊತ್ತು ಮುಳುಗುವವರೆಗೂ ಅಕ್ಕ ಊರ ಅಗಸಿ ಬಾಗಿಲಲ್ಲಿ ನಿಂತಿದ್ದಳೆಂದೂ ಹೇಳಿದರು. ವಾಪಸು ಬರುವಾಗ ದಾರಿಯುದ್ದಕ್ಕೂ ನಾನು ಆ ಕೆಂಪು ಪಟಗವನ್ನು ನೆನೆದು ಹಲ್ಲು ಕಡಿಯುತ್ತ ಬಂದೆ. ಅವನ ಎದುರು ನಿಂತು ಕೇಳುವ ತಾಕತ್ತು ನಮಗಿರಲಿಲ್ಲ. ಆದರೆ ಹೆದರಿಸುವ ಕಸುಬು ನನ್ನ ಕೈಲಿತ್ತು.

ನನ್ನ ಮೊದಲ ಚಿತ್ರ ಹುಟ್ಟಿದ್ದು ಹೀಗೆ. ಇಪ್ಪತ್ತು ನಿಮಿಷದ್ದು, ಎರಡು ಸುರುಳಿ. ಮಂದಿ ಅದನ್ನು 'ಬಾವಿ ದೆವ್ವ' ಎಂದೇ ಕರೆದರು. ಅದನ್ನು ನಾನು ಊರೂರಿಗೆ ತೋರಿಸಿದರೂ ಮಾಡಿದ್ದು ಒಬ್ಬನಿಗಾಗಿ. ಹಿರೇಕೆರೂರಿನಲ್ಲಿ ಡೇರೆ ಹಾಕಿ, ಕುರ್ಚಿಯಲ್ಲಿ ಅವನನ್ನು ಕೂರಿಸಿ, ಆ ಬಾವಿಯಿಂದ ಅಕ್ಕ ಎದ್ದು ಬರುವುದನ್ನು ತೋರಿಸಬೇಕು. ಅವನ ಪಟಗ ಗಡಗಡ ನಡುಗುವುದನ್ನು ನಾನು ನೋಡಬೇಕು. ಮಂದಿ ಅವನ ಕಡೆ ತಿರುಗಿ ನೋಡಬೇಕು.

ಹಿರೇಬೆಂಡಿಗೇರಿಯಲ್ಲಿ ಮೆಟ್ಟಿಲು ಬಾವಿಯೊಂದು ಸಿಕ್ಕಿತು. ಚಿತ್ರ ತೆಗೆಯಲು ಬಿಸಿಲು ಬೇಕು, ಹೀಗಾಗಿ ನಮ್ಮ ದೆವ್ವ ಮಟಮಟ ಮಧ್ಯಾಹ್ನದ್ದು; ನಮ್ಮ ಹಳ್ಳಿಗಳಲ್ಲಿ ನಡು ಮಧ್ಯಾಹ್ನ ಬಾವಿಯ ಕಡೆ ಹೋಗಲು ಹೆಂಗಸರು ಮೊದಲೇ ಹೆದರುತ್ತಾರೆ. ದೆವ್ವದ ವೇಷ ನನ್ನ ಗೆಳೆಯನದೇ. ಅವ್ವನಿಗೆ ಹೇಳದೆ ಟ್ರಂಕಿನಿಂದ ಅಕ್ಕನ ಸೀರೆ ತಂದಿದ್ದೆ. ಅವನು ಅದನ್ನು ಕಣ್ಣಿಗೊತ್ತಿಕೊಂಡು ಉಟ್ಟ. ಮುಖಕ್ಕೆ ಅರಿಷಿಣ ಬಳಿದುಕೊಂಡ, ದೊಡ್ಡ ಕುಂಕುಮ ಇಟ್ಟ, ಕೈತುಂಬ ಬಳೆ ತೊಟ್ಟ. ಗಂಡ ಇರುವಾಗಲೇ ಸತ್ತ ಹೆಣ್ಣನ್ನು ಕಳಿಸುವುದು ಹೀಗೆ ಶೃಂಗಾರ ಮಾಡಿಯೇ ತಾನೆ. ಅವನು ಹಿಂದು ಹಿಂದಾಗಿ ಮೆಟ್ಟಿಲಿಳಿದು ನೀರಿನಲ್ಲಿ ಮುಳುಗಿದ. ನಾನು ಕ್ಯಾಮೆರಾದ ಹಿಡಿಕೆಯನ್ನು ಉಲ್ಟಾ ತಿರುಗಿಸಿದೆ. ಹೀಗೆ ತೆಗೆದದ್ದನ್ನು ಬಟ್ಟೆಯ ಮೇಲೆ ಓಡಿಸಿದಾಗ, ನೀರೊಳಗಿಂದ ಒಬ್ಬ ಹೆಂಗಸು ಎದ್ದು ಮೆಟ್ಟಿಲೇರಿ ಬರುತ್ತಾಳೆ. ಸೀರೆಯ ಮೇಲೆ ಒಂದು ಹನಿ ನೀರಿಲ್ಲ. ಆ ಒಣಗಿದ ಸೀರೆಯಷ್ಟು ಭಯದ ವಸ್ತುವನ್ನು ನಾನು ಮತ್ತೆ ಯಾವತ್ತೂ ಮಾಡಲಿಲ್ಲ.

ಕಥೆಯಲ್ಲಿ ಒಂದು ಬಂಡಿ ಇತ್ತು. ತಮ್ಮ ಪಂಚಮಿಗೆ ಕರೆಯಲು ಬರುತ್ತಾನೆ. ಗಂಡ ಅಗಸಿಯಲ್ಲೇ ಅಡ್ಡ ನಿಂತು ಬಂಡಿಯನ್ನು ತಿರುಗಿಸಿ ಕಳಿಸುತ್ತಾನೆ. ಹೆಣ್ಣು ಬಾವಿಗೆ ಬೀಳುತ್ತಾಳೆ. ಗಂಡನ ವೇಷಕ್ಕೆ ಡೇರೆಯ ಗೇಟಿನವನನ್ನು ಹಿಡಿದೆ. ತಮ್ಮನ ವೇಷವನ್ನು ನಾನೇ ಕಟ್ಟಿದೆ. ಹಿರೇಬೆಂಡಿಗೇರಿಯ ರೈತನೊಬ್ಬ ತನ್ನ ಬಂಡಿ, ಎತ್ತು ಕೊಟ್ಟ. ಅಷ್ಟು ಹೊತ್ತು ಗೆಳೆಯ ಕ್ಯಾಮೆರಾ ತಿರುಗಿಸಿದ. ಕಥೆ ಎಂದ ಮೇಲೆ ಅಷ್ಟಿಷ್ಟು ಸೇರಿಸುವುದು ಇದ್ದದ್ದೇ, ಎಂದುಕೊಂಡೆ.

ಕೆಲಸ ಮುಗಿದ ದಿನ ಗೆಳೆಯ ಹಣೆಯ ವಿಭೂತಿ ಮುಟ್ಟಿ ಆಣೆ ಮಾಡಿದ. "ಆ ಮನಶ್ಯಾಗ ಇದನ್ನ ತೋರ್ಸೂಮಟಾ ನನ್ನ ಗಂಟಲ ನಿಂದು. ಹಿರೇಕೆರೂರಾಗ ಅವನ್ನ ನಾನ ಕರಕೊಂಡ ಬಂದ ಕುಂದ್ರಸ್ತೇನಿ."

ಶಿಗ್ಗಾಂವಿಯಲ್ಲಿ ತೋರಿಸಿದೆವು, ಮರುದಿನದಿಂದ ಊರಿನ ಹೆಂಗಸರು ನೀರಿಗೆ ಗುಂಪುಗಟ್ಟಿ ಹೋಗತೊಡಗಿದರಂತೆ. ಹಾನಗಲ್ಲಿನಲ್ಲಿ ಒಬ್ಬ ಗಟ್ಟಿ ಗಂಡಸು ಎದ್ದು ಹೊರಗೆ ಓಡಿದ. ಅವ್ವ ಮಾತ್ರ ಸಿನಿಮಾ ಎಂದರೆ ಮುಖ ತಿರುಗಿಸುತ್ತಿದ್ದಳು, ಊರ ಬಳಿಯೇ ಆದರೂ ಬರಲಿಲ್ಲ. ಸವಣೂರಿನಲ್ಲಿ ನವಾಬರ ಸೀಮೆಯ ಮಂದಿ ಮೂರು ದಿನ ಬಿಡದೆ ನೋಡಿದರು. ಅಲ್ಲೆಲ್ಲ ನನ್ನ ಗೆಳೆಯನ ಬಾಯಲ್ಲಿ ದೆವ್ವ ಒಂದೇ ಮಾತು ಆಡುತ್ತಿತ್ತು. "ಬಂಡಿ ಬಂತೇನು?" ಎಂದು ಮೆಲ್ಲಗೆ ಕೇಳುತ್ತಿತ್ತು. ಡೇರೆಯಲ್ಲಿ ಉಸಿರಿನ ಸದ್ದೂ ನಿಂತುಬಿಡುತ್ತಿತ್ತು. ಸವಣೂರು ಬಿಡುವಾಗ ಅವನು ಅಲ್ಲಿಯ ಎಳೆಯ ವೀಳ್ಯದೆಲೆಯ ದೊಡ್ಡ ಕಟ್ಟೊಂದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಇಟ್ಟುಕೊಂಡ. ಇಷ್ಟೊಂದು ಎಲೆ ಯಾಕೋ ಎಂದೆ. "ಡೇರೆದ ಪೂಜಾಕ" ಎಂದ. ನಂಬಿದೆ. ಅವನ ಮಾತನ್ನು ನಂಬುವುದೇ ನನ್ನ ಕಸುಬಿನ ಅರ್ಧ ಭಾಗವಾಗಿತ್ತು.

ಹಿರೇಕೆರೂರಿನ ಆಟಕ್ಕೆ ನಾನೇ ಹೋಗಿ ಅವ್ವನನ್ನು ಮೋಟಾರಿನಲ್ಲಿ ಕರೆತಂದೆ. "ಒಮ್ಮೆ ಬಾರಬೇ. ಅಂವಾ ಅಂಜೂದನ್ನ ಕಣ್ಣಾರೆ ನೋಡು" ಎಂದಿದ್ದೆ. ಅವಳು ಅದಕ್ಕಾಗಿಯೇ ಬಂದಳು.

ನಮ್ಮ ಡೇರೆಯಲ್ಲಿ ಬಟ್ಟೆಯನ್ನು ನಡುವೆ ಕಟ್ಟಿ, ಬೆಳಕು ಆಚೆಗೂ ಹಾಯಲೆಂದು ನೀರು ಚಿಮುಕಿಸುತ್ತಿದ್ದೆವು. ಗಂಡಸರು ಮಷೀನಿನ ಕಡೆ, ಹೆಂಗಸರು ಬಟ್ಟೆಯ ಹಿಂದೆ. ಅವರಿಗೆ ಚಿತ್ರ ಎಡ ಬಲ ಅದಲು ಬದಲಾಗಿ ಕಾಣುತ್ತಿತ್ತು. ಮಷೀನಿಗೆ ಕರೆಂಟು ಕೊಡುವ ಎಂಜಿನ್ನು ಇಟ್ಟದ್ದು ಅವರ ಕಡೆಗೇ ಆದ್ದರಿಂದ ಅದರ ಗದ್ದಲದಲ್ಲಿ ಮಾತುಗಾರನ ಮಾತು ಅವರಿಗೆ ಏನೇನೂ ಕೇಳುತ್ತಿರಲಿಲ್ಲ. ಅವ್ವ ಅಲ್ಲಿ ಹೋಗಿ ಕೂತಳು. ಸಂಜೆ ದೀಪ ಹಚ್ಚುವ ಹೊತ್ತಿಗೆ ಗೆಳೆಯ ಆಣೆ ಮಾಡಿದಂತೆ ಅಕ್ಕನ ಗಂಡನನ್ನು ಕರೆತಂದ. ಕೈಹಿಡಿದು ತಂದು ನನ್ನ ಮಷೀನಿನ ಮುಂದಿನ ಕುರ್ಚಿಯಲ್ಲಿ ಕೂರಿಸಿದ. ಅದೇ ಕೆಂಪು ಪಟಗ, ನನ್ನಿಂದ ನಾಲ್ಕು ಮೊಳದಲ್ಲಿ.

ಚಿತ್ರ ಶುರುವಾಯಿತು. ಗಂಡ ಬಟ್ಟೆಯ ಮೇಲೆ ಬಂದ. ಮಾತುಗಾರ ಬೆತ್ತ ಎತ್ತಿ, ಮೂಗಿನಲ್ಲಿ ದನಿ ತೆಗೆದು ಹೇಳಿದ: "ನೋಡ್ರಿಪಾ, ಈ ಬಡಪಾಯಿಗೆ ಗಂಟ ಬಿದ್ದಾಳ ಒಬ್ಬಾಕಿ ಹುಚ್ಚಿ." ಮಂದಿ ನಕ್ಕರು. ಬಾಯಿ ತಪ್ಪಿರಬೇಕು ಎಂದುಕೊಂಡೆ. ಬಂಡಿ ಬಂತು, ನಾನು ಬಂದೆ. "ಬಂದಾನ್ರಿ ತಮ್ಮ. ತರೂ ಉಂಡಿ ಎಲ್ಲಾ ಹಾದ್ಯಾಗ ತಾನ ತಿಂದಾನ. ಪಂಚಮಿ ಮುಗದು ದೀಪಾವಳಿ ಬಂತು, ಈಗ ಬಂದಾನ." ಡೇರೆ ಬಿದ್ದು ಬಿದ್ದು ನಕ್ಕಿತು. ಹೆಣ್ಣು ಬಾವಿಗೆ ಹಾರಿದಾಗ, "ಮೈ ತೊಳಕೊಂಡು ತಿಂಗಳಾಗಿತ್ತರೀ" ಎಂದ. ಆ ಒಣ ಸೀರೆ ನೀರಿನಿಂದೆದ್ದು ಮೆಟ್ಟಿಲೇರಿ ಬರುತ್ತಿರುವಾಗ, ಅದನ್ನು ಸ್ವತಃ ಉಟ್ಟವನು, ಕಣ್ಣಿಗೊತ್ತಿಕೊಂಡವನು, ಕೋಳಿಯ ಹಾಗೆ ಕುಕ್ ಕುಕ್ ಎಂದ. ಕೆಂಪು ಪಟಗ ನನ್ನ ಮುಂದೆ ಗಡಗಡ ಅಲುಗಿತು. ನಾನು ಕಾಯುತ್ತಿದ್ದ ಹಾಗೆಯೇ ಅಲುಗಿತು. ಆದರೆ ನಗುವಿನಿಂದ.

ನಿಲ್ಲಿಸಬಹುದಿತ್ತು. ನಿಲ್ಲಿಸಿದರೆ ದೀಪದ ಕಾವಿಗೆ ಸುರುಳಿ ಸುಟ್ಟುಹೋಗುತ್ತದೆ. ನನ್ನ ಅಕ್ಕನನ್ನು ನನ್ನ ಕೈಯಿಂದಲೇ ತಿರುಗಿಸುತ್ತ ಇನ್ನೂರು ಗಂಡಸರನ್ನು ನಗಿಸಿದೆ. ಅಂಥ ಮೋಸ ನನಗೆ ಅದಕ್ಕೆ ಮೊದಲೂ ಆಗಿರಲಿಲ್ಲ, ಆಮೇಲೂ ಆಗಲಿಲ್ಲ.

ಮುಗಿದೊಡನೆ ಅವನು ಅಕ್ಕನ ಗಂಡನ ಹೆಗಲ ಮೇಲೆ ಕೈ ಹಾಕಿಕೊಂಡು ಹೊರಗೆ ನಡೆದ. ನಾನು ಬಟ್ಟೆ ಸರಿಸಿ ಹಿಂದಕ್ಕೆ ಓಡಿದೆ. ಅಲ್ಲಿ ಯಾರೂ ನಕ್ಕಿರಲಿಲ್ಲ. ಹೆಂಗಸರು ಎದ್ದೇ ಇರಲಿಲ್ಲ. ಕೆಲವರು ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದರು, ಒಬ್ಬಳು ಪಕ್ಕದವಳ ಕೈಯನ್ನು ಗಟ್ಟಿಯಾಗಿ ಹಿಡಿದಿದ್ದಳು. ಅವನ ಹೊಲಸು ಮಾತು ತಲುಪದ ಕಡೆ ನನ್ನ ಚಿತ್ರ ನಾನು ಮಾಡಿದ ಹಾಗೆಯೇ ಉಳಿದಿತ್ತು. ನನಗೆ ಎದೆ ತುಂಬಿ ಬಂತು. ಅವ್ವನ ಮುಂದೆ ಹೋಗಿ ಕುಕ್ಕರಗಾಲಲ್ಲಿ ಕೂತೆ. ಅವಳಾದರೂ ಒಂದು ಒಳ್ಳೆಯ ಮಾತು ಆಡಲಿ ಎಂದು ಕಾದೆ.

ಅವ್ವ ಬಟ್ಟೆಯನ್ನೇ ನೋಡುತ್ತ ಕೇಳಿದಳು. "ಆ ಎತ್ತು ಯಾರವು?"

"ಹಿರೇಬೆಂಡಿಗೇರಿ ರೈತರವಬೇ."

"ಸಿನಿಮಾಕ್ಕ ಎತ್ತು ಸಿಕ್ಕವೇನಪಾ."

ದನಿ ಎತ್ತಿ ಹೇಳಲಿಲ್ಲ. ಸೀರೆಯ ವಿಷಯ ಎತ್ತಲಿಲ್ಲ, ಅಳಲೂ ಇಲ್ಲ. ಮಂಡಿಗೆ ಕೈಯೂರಿ ಎದ್ದು, ಬೇರೆ ಹೆಂಗಸರ ಜೊತೆ ಹೊರಗೆ ಹೋದಳು.

ಮರುದಿನ ಬೆಳಿಗ್ಗೆ ಗೆಳೆಯನನ್ನು ಡೇರೆಯ ಹಗ್ಗ ಬಿಚ್ಚುವಲ್ಲಿ ಹಿಡಿದೆ. ಕೊರಳಪಟ್ಟಿಗೆ ಕೈ ಹಾಕಿದೆ. ಅವನು ಬಿಡಿಸಿಕೊಳ್ಳಲಿಲ್ಲ.

"ನಮ್ಮ ತಂಗಿನ್ನ ಆ ಮನಶ್ಯಾಗ ಕೊಡಾಕತ್ತೇನಿ" ಎಂದ. "ನಿನ್ನೆ ಮುಂಜಾನೆ ಗಟ್ಟಿವೀಳ್ಯ ಆತು."

ಮದುವೆ ನಿಶ್ಚಯದ ವೀಳ್ಯ ಅದು. ಸವಣೂರಿನ ಎಲೆಗಳು ಯಾವ ಪೂಜೆಗೆಂದು ಆಗ ತಿಳಿಯಿತು. ಆ ಮನೆ ಎಂಥದೆಂದು ನಿನಗೆ ಗೊತ್ತಿಲ್ಲವೇನೋ, ಊರೂರಲ್ಲಿ ಅದನ್ನೇ ಒದರಿದವನು ನೀನಲ್ಲವೇನೋ, ಎಂದೆ.

"ಗೊತ್ತೈತಿ. ಆಟದಾಗ ಹೆಣ್ಣಾಗಿ ಕುಣಿಯಾಂವನ ತಂಗಿನ್ನ ಯಾರ್ ಕೇಳ್ತಾರ? ಇಪ್ಪತ್ತೆರಡು ತುಂಬಿದ್ವು ಆಕಿಗೆ. ಇಂವಾ ಒಬ್ಬನ ಕೇಳಿದ. ಬೀಗರ ಮುಂದ ಅವರ ಮನಿ ಮಾನ ಹ್ಯಾಂಗ್ ಕಳೀಲಿ?" ನನ್ನ ಮುಖ ನೋಡದೆ ಹೇಳಿದ: "ನಮ್ಮ ತಂಗಿಗೆ ನಾ ಅದೇನಿ."

ಆ ಕೊನೆಯ ಮಾತು ನನಗೆ ಎಸೆದದ್ದೆಂದು ನಾನು ಆಗ ತಿಳಿದುಕೊಳ್ಳಲಿಲ್ಲ, ಅಥವಾ ತಿಳಿಯದ ಹಾಗೆ ಮಾಡಿದೆ. ನಾವು ಅವತ್ತೇ ಬೇರೆಯಾದೆವು.

ಆಮೇಲೂ ನಾನು ದೆವ್ವ ಬಿಡಲಿಲ್ಲ. ಇನ್ನೆರಡು ಚಿತ್ರ ತೆಗೆದೆ. ಯಾರೂ ನನ್ನ ಮಾತು ತಿರುಚಬಾರದೆಂದು ಮಾತುಗಳನ್ನು ದೊಡ್ಡ ಅಕ್ಷರದಲ್ಲಿ ಬರೆದು ಚಿತ್ರದೊಳಗೇ ಸೇರಿಸಿದೆ. ಜಾಣತನ ಎಂದುಕೊಂಡಿದ್ದೆ. ಡೇರೆಯಲ್ಲಿ ಓದು ಬರುವವರು ಬೆರಳೆಣಿಕೆಯ ಮಂದಿ. ನಾನೇ ನಿಂತು ಓದಿ ಹೇಳಿದರೆ ನನ್ನ ದನಿಗೆ ಮಕ್ಕಳೂ ಹೆದರಲಿಲ್ಲ. ಆಮೇಲೆ ಯುದ್ಧ ಬಂತು, ಫಿಲ್ಮು ಸಿಗದಾಯಿತು. ಮಾತಾಡುವ ಚಿತ್ರ ನಮ್ಮ ಊರುಗಳಿಗೂ ಬಂದು ಮೂಕ ಚಿತ್ರವನ್ನು ಕೇಳುವವರು ಇಲ್ಲವಾದರು. ನಾನು ತಿರುಗಿ ಹಾನಗಲ್ಲಿನಲ್ಲಿ ಬೋರ್ಡು ಬರೆಯತೊಡಗಿದೆ. ಆ ಗೆಳೆಯನ ಬೆತ್ತವೂ ಮೂಲೆ ಸೇರಿತು; ಹೊಲ ಮಾಡಿಕೊಂಡು ಇದ್ದನಂತೆ.

ಹಿರೇಕೆರೂರಿನ ಕಡೆಯಿಂದ ಅವನ ಊರಿಗೆ ಹೋಗುವ ಬಂಡಿ ದಾರಿ ನಮ್ಮ ಮನೆಯ ಮುಂದೆಯೇ ಹಾಯುತ್ತದೆ. ತಂಗಿಯ ಮದುವೆಯಾದ ವರ್ಷ, ಪಂಚಮಿಗೆ ಎರಡು ದಿನ ಇರುವಾಗ, ಆ ದಾರಿಯಲ್ಲಿ ಗೆಜ್ಜೆಯ ಸದ್ದು ಬಂತು. ಬಂಡಿ ಹೊಡೆಯುತ್ತಿದ್ದವನು ಅವನು. ಹಿಂದೆ ಅವನ ತಂಗಿ ಕೂತಿದ್ದಳು. ಮರು ವರ್ಷವೂ ಬಂತು. ಅದರ ಮರು ವರ್ಷ ಮಳೆ ಹಿಡಿದು ಹಳ್ಳ ತುಂಬಿದ್ದರೂ, ಗಾಲಿಗೆ ಕೆಸರು ಮೆತ್ತಿಕೊಂಡು ಬಂತು. ಆಕೆಯ ಮಡಿಲಲ್ಲಿ ಒಂದು ಮಗು ಇತ್ತು. ಅಕ್ಕನಿಗೆ ಮಾಡಿದ್ದನ್ನು ಆ ಮನುಷ್ಯ ಈಕೆಗೆ ಮಾಡಲಿಲ್ಲವೋ, ಮಾಡಿದರೂ ವರ್ಷಕ್ಕೊಮ್ಮೆ ಬಾಗಿಲಲ್ಲಿ ಬಂಡಿ ನಿಲ್ಲುತ್ತದೆಂಬ ಅಂಜಿಕೆಗೆ ಕೈ ತಡೆದನೋ, ನನಗೆ ಗೊತ್ತಿಲ್ಲ. ನನ್ನ ಚಿತ್ರಕ್ಕೆ ಹೆದರದವನು ಎರಡು ಎತ್ತಿಗೆ ಹೆದರಿದ್ದರೆ, ಅದನ್ನು ಒಪ್ಪಿಕೊಳ್ಳುವುದು ನನಗೆ ಸುಲಭವಲ್ಲ.

ಪ್ರತಿ ವರ್ಷ ಆ ಬಂಡಿಯ ಹೊತ್ತಿಗೆ ಅವ್ವ ಉಂಡಿ ಕಟ್ಟಿಟ್ಟುಕೊಂಡು ಬಾಗಿಲಲ್ಲಿ ನಿಂತಿರುತ್ತಿದ್ದಳು. ಬಂಡಿ ನಿಲ್ಲುತ್ತಿತ್ತು. ಅವ್ವ ಆ ಹುಡುಗಿಯ ಉಡಿಗೆ ಉಂಡಿ ಹಾಕಿ, ತಲೆ ಸವರಿ, "ಎಷ್ಟೊತ್ತಿಗೆ ಬಿಟ್ರಿ?" ಎಂದು ಕೇಳುತ್ತಿದ್ದಳು. ಹೊರಡುವ ಮುಂಚೆ ಎತ್ತುಗಳ ಬೆನ್ನ ಮೇಲೆ ಒಮ್ಮೆ ಕೈಯಾಡಿಸುತ್ತಿದ್ದಳು.

ಒಂದು ವರ್ಷ ಅವನು ಕೇಳಿದ್ದು ಒಳಗೆ ನನಗೆ ಕೇಳಿಸಿತು. "ಅಂವಾ ಎಲ್ಲಿ ಅದಾನವ್ವಾ?"

"ಮನ್ಯಾಗಿಲ್ಲಪಾ" ಎಂದಳು ಅವ್ವ.

ನಾನು ಬಾಗಿಲ ಹಿಂದೆಯೇ ನಿಂತಿದ್ದೆ. ಅದು ಅವಳಿಗೆ ಗೊತ್ತಿತ್ತು.